ಶೋ ದಿನ ಕುದುರೆಯನ್ನು ಟ್ರೈನರೇ ತಯಾರು ಮಾಡಿ ಕೊಡೋದು, ಎಲ್ಲ ದೇಶದಲ್ಲೂ ಹೀಗೇನಾ?

ಕಡಿವಾಣ_ಸಡಿಲ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಉತ್ತರ ಕೊಟ್ಟರೆ ತುಂಬಾ ಉಪಕಾರ.

ನಾನು ಸವಾರಿ ಕಲಿತದ್ದು ಜರ್ಮನಿಯಲ್ಲಿ, ಮೂವತ್ತು ದಾಟಿದ ಮೇಲೆ. ಅಲ್ಲಿನ ಒಂದು ಕ್ಲಬ್ಬಿಗೆ ಸೇರಿದ್ದೆ. ಮೊದಲ ಕೆಲವು ತಿಂಗಳು ನನ್ನ ಕೈಗೆ ಲಗಾಮನ್ನೇ ಕೊಡಲಿಲ್ಲ. ಕುದುರೆಗೆ ಉದ್ದನೆಯ ಹಗ್ಗ ಕಟ್ಟಿ, ಹೇಳಿಕೊಡುವವರು ನಡುವೆ ನಿಂತು ಸುತ್ತ ಓಡಿಸುತ್ತಿದ್ದರು. ನಾನು ಮೇಲೆ ಕೂತು, ರಿಕಾಬಿನಿಂದ ಕಾಲು ತೆಗೆದು, ಎರಡೂ ಕೈ ಚಾಚಿ, ಕೆಲವೊಮ್ಮೆ ಕಣ್ಣು ಮುಚ್ಚಿ, ಬರೀ ಕೂರುವುದನ್ನು ಕಲಿತೆ. ನಿನ್ನ ಕೈ ನಿನ್ನ ಹತೋಟಿಗೆ ಬರುವವರೆಗೆ ಕುದುರೆಯ ಬಾಯಿಗೆ ಅದನ್ನು ಕಟ್ಟಬಾರದು ಅಂತ ಅವರ ಲೆಕ್ಕ. ಆಮೇಲೆ ಬ್ಯಾಡ್ಜ್ ಪರೀಕ್ಷೆ. ಅದರಲ್ಲಿ ಸವಾರಿ ಮಾತ್ರ ಅಲ್ಲ, ಗೊರಸು ಹೇಗೆ ಎತ್ತಬೇಕು, ಹೊಟ್ಟೆನೋವು ಬಂದ ಕುದುರೆ ಹೇಗೆ ನಡೆದುಕೊಳ್ಳುತ್ತದೆ, ಎಲ್ಲ ಕೇಳುತ್ತಾರೆ. ಸ್ಪರ್ಧೆ ದಿನ ಕುದುರೆಯ ಮೈ ಉಜ್ಜಿ, ಜೀನು ಬಿಗಿದು, ನಾನೇ ಅರ್ಧ ಗಂಟೆ ಓಡಿಸಿ ಮೈ ಬಿಸಿ ಮಾಡಿ ಒಳಗೆ ಹೋಗುತ್ತಿದ್ದೆ. ಬಹುಮಾನ ಬಂದದ್ದು ಕಡಿಮೆ. ಆದರೆ ಆ ಐದು ನಿಮಿಷ ಪೂರ್ತಿ ನನ್ನದು.

ಈಗ ಅಮೆರಿಕಕ್ಕೆ ಬಂದು ಒಂದೂವರೆ ವರ್ಷ. ಇಲ್ಲೊಂದು ಲಾಯದಲ್ಲಿ ಅರ್ಧ ಪಾಲಿಗೆ ಕುದುರೆ ಇಟ್ಟುಕೊಂಡಿದ್ದೇನೆ, ಹಂಟರ್ ವಿಭಾಗದಲ್ಲಿ (ಜಂಪ್ ಮಾಡುವಾಗ ಕುದುರೆಯ ಹದ, ಚಂದ ನೋಡುವ ಸ್ಪರ್ಧೆ) ಸ್ಪರ್ಧಿಸುತ್ತೇನೆ. ಹೋದ ತಿಂಗಳ ಶೋನಲ್ಲಿ ಏನಾಯಿತು ಅಂದರೆ, ನಾನು ಹೋಗುವ ಹೊತ್ತಿಗೆ ಕುದುರೆಯನ್ನು ಆಗಲೇ ನಲವತ್ತು ನಿಮಿಷ ಹಗ್ಗದಲ್ಲಿ ಓಡಿಸಿ ಆಗಿತ್ತು. ಟ್ರೈನರ್ ಒಂದು ಸುತ್ತು ಜಂಪ್ ಮಾಡಿಸಿ ಇಳಿದಿದ್ದರು. ಜೂಲು ಹೆಣೆದವರು ಬೇರೆ ಯಾರೋ, ರಾತ್ರಿಯೇ ಬಂದು ಹೆಣೆದು ಹೋಗಿದ್ದರು. ನನ್ನನ್ನು ಮೇಲೆ ಕೂರಿಸಿದರು, ಬೂಟು ಒರೆಸಿದರು, ಎರಡು ಜಂಪ್ ಅಭ್ಯಾಸ ಮಾಡಿಸಿ ಒಳಗೆ ಕಳಿಸಿದರು. ಮೊದಲ ಬಹುಮಾನ ಬಂತು. ಇಳಿದ ತಕ್ಷಣ ಕುದುರೆಯನ್ನು ಯಾರೋ ಕರೆದುಕೊಂಡು ಹೋದರು. ನಾನು ಕೈಯಲ್ಲಿ ನೀಲಿ ರಿಬ್ಬನ್ ಹಿಡಿದು ಅಲ್ಲೇ ನಿಂತಿದ್ದೆ, ಕುದುರೆಗೆ ಒಂದು ಬಕೆಟ್ ನೀರು ಕೊಡುವ ಅವಕಾಶವೂ ಸಿಗಲಿಲ್ಲ. ನಿಜ ಹೇಳಬೇಕಂದ್ರೆ ಅವತ್ತು ರಾತ್ರಿ ಅತ್ತೆ.

ಅವರು ಕೆಟ್ಟವರಲ್ಲ. ಕುದುರೆಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಆದರೆ ಅದರ ಮೂತಿ ಮೇಲಿನ ಮೀಸೆ ಕೂದಲನ್ನೂ ಬೋಳಿಸಿದ್ದರು, ಅದು ನನಗೆ ಬಹಳ ಚುಚ್ಚಿತು.

ಬೇರೆ ಬೇರೆ ದೇಶದಲ್ಲಿ ಸವಾರಿ ಮಾಡಿದವರು ಇಲ್ಲಿ ಇದ್ದೀರಿ ಅಂತ ಗೊತ್ತು. ಹವ್ಯಾಸಿಗಳಿಗೆ ಎಲ್ಲ ಕಡೆ ಹೀಗೇನಾ? ಲಾಯ ಬದಲಿಸಬೇಕಾ, ಅಥವಾ ನಾನೇ ಹೊಂದಿಕೊಳ್ಳಬೇಕಾ?

---

ತಟ್ಟು_ಪ್ರೇಮಿ:

ಅಕ್ಕ, ನಿಮ್ಮ ಪೋಸ್ಟ್ ಓದಿ ಮನಸ್ಸಿಗೆ ಬೇಜಾರಾಯ್ತು. ನಾನು ಇಂಗ್ಲೆಂಡಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಇಲ್ಲಿ ಶೋಯಿಂಗ್ ಅನ್ನುವುದೇ ಒಂದು ಬೇರೆ ಲೋಕ, ಜರ್ಮನಿಯವರಿಗೆ ಇದು ಅಷ್ಟು ಬೇಗ ಅರ್ಥ ಆಗುವುದಿಲ್ಲ. ಅಲ್ಲಿ ಸವಾರಿಯ ಸ್ಪರ್ಧೆ ಅಂದರೆ ಡ್ರೆಸ್ಸಾಜ್ (ಗೊತ್ತುಮಾಡಿದ ನಡೆಗಳನ್ನು ಕುದುರೆಯಿಂದ ಮಾಡಿಸುವುದು) ಅಥವಾ ಜಂಪಿಂಗ್, ಅಂಕ ಲೆಕ್ಕ ಹಾಕಿ ಮುಗಿಸುತ್ತಾರೆ. ಇಲ್ಲಿ ಶೋಯಿಂಗ್ ಅಂದರೆ ಕುದುರೆ ತನ್ನ ಜಾತಿಗೆ, ತನ್ನ ಕೆಲಸಕ್ಕೆ ತಕ್ಕ ಹಾಗಿದೆಯಾ ಅಂತ ನೋಡುವುದು. ಕಾಲಿನ ಮೂಳೆ, ಭುಜದ ಓರೆ, ನಡಿಗೆ, ಗುಣ, ಎಲ್ಲ.

ಒಂದು ವಿಷಯ ಕೇಳಿದರೆ ನಿಮಗೆ ಆಶ್ಚರ್ಯ ಆಗಬಹುದು. ಇಲ್ಲಿ ಹಂಟರ್, ಹ್ಯಾಕ್, ಕಾಬ್ ಅಂತ ಕುದುರೆಯ ಬಗೆಗೆ ತಕ್ಕ ತರಗತಿಗಳಲ್ಲಿ ಜಡ್ಜೇ ನಿಮ್ಮ ಕುದುರೆ ಹತ್ತಿ ಓಡಿಸುತ್ತಾರೆ! ಮೊದಲು ಎಲ್ಲರೂ ಒಟ್ಟಿಗೆ ಸುತ್ತುತ್ತೀರಿ. ಆಮೇಲೆ ಸಾಲಾಗಿ ನಿಲ್ಲಿಸುತ್ತಾರೆ. ನೀವು ಇಳಿಯುತ್ತೀರಿ, ನಿಮ್ಮ ಜೀವದಂಥ ಕುದುರೆಯ ಮೇಲೆ ಗುರುತು ಪರಿಚಯ ಇಲ್ಲದವರೊಬ್ಬರು ಕೂತು ಗ್ಯಾಲಪ್ ಹೊಡೆಸಿಕೊಂಡು ಬರುತ್ತಾರೆ. ಒಳ್ಳೆಯ ಹಂಟರ್ ಕುದುರೆ ಯಾರು ಕೂತರೂ ಸುಖವಾಗಿ ಹೊತ್ತು ಒಯ್ಯಬೇಕು ಅನ್ನುವುದು ಹಳೇ ಮಾತು, ಅದನ್ನೇ ಪರೀಕ್ಷೆ ಮಾಡುತ್ತಾರೆ. ಕೊನೆಗೆ ಜೀನು ಬಿಚ್ಚಿಸಿ, ಬರೀ ಮೈಯಲ್ಲಿ ನಿಲ್ಲಿಸಿ, ಕೈಯಲ್ಲಿ ಹಿಡಿದು ಓಡಿಸಿ ನೋಡುತ್ತಾರೆ. ನನ್ನದು ಕಾಬ್, ಗಟ್ಟಿ ಮೈ, ಗಿಡ್ಡ ಕಾಲು, ಜೂಲು ಪೂರ್ತಿ ಬೋಳಿಸಿದ್ದೇನೆ ಯಾಕಂದರೆ ಕಾಬ್‌ಗೆ ಅದೇ ಪದ್ಧತಿ. ಮೊದಲ ಸಲ ಜಡ್ಜ್ ಹತ್ತಿದಾಗ ಎದೆ ಡವಡವ ಅಂತಿತ್ತು. ಇವನು ಅವರನ್ನು ಎಷ್ಟು ನಯವಾಗಿ ಹೊತ್ತು ತಂದ ಅಂದ್ರೆ, ಬಹುಮಾನ ಬರದಿದ್ದರೂ ವಾರವಿಡೀ ಖುಷಿಯಲ್ಲಿದ್ದೆ. ಮನೆಯಲ್ಲಿ ನಾನು ಮಾಡಿದ ಕೆಲಸ ಬೇರೆಯವರು ಕೂತಾಗಲೂ ಉಳಿಯಿತಲ್ಲ!

ಬೆಟ್ಟಗಾಡಿನ ತಟ್ಟುಗಳ ತರಗತಿಯಲ್ಲಿ ಹಾಗಿಲ್ಲ. ವೆಲ್ಶ್, ಎಕ್ಸ್‌ಮೂರ್, ಡಾರ್ಟ್‌ಮೂರ್, ಹೈಲ್ಯಾಂಡ್, ಶೆಟ್‌ಲ್ಯಾಂಡ್ ಇವೆಲ್ಲ. ಅಲ್ಲಿ ಜಡ್ಜ್ ಹತ್ತುವುದಿಲ್ಲ. ಜೂಲು ಹೆಣೆಯುವಂತೆಯೂ ಇಲ್ಲ, ಹುಟ್ಟಿದ ಹಾಗೇ ಇರಬೇಕು.

ಆದರೆ ನಿಮ್ಮ ಸಂಕಟ ಇಲ್ಲಿ ಇಲ್ಲವೇ ಇಲ್ಲ ಅಂತ ಹೇಳಲಾರೆ. ದೊಡ್ಡ ಮಟ್ಟಕ್ಕೆ ಹೋದರೆ ಇಲ್ಲೂ ವೃತ್ತಿಪರರು ಕುದುರೆ ತಯಾರು ಮಾಡುತ್ತಾರೆ. ಅಕ್ಟೋಬರ್‌ನಲ್ಲಿ ಬರ್ಮಿಂಗ್‌ಹ್ಯಾಂನಲ್ಲಿ ನಡೆಯುವ ಹಾರ್ಸ್ ಆಫ್ ದಿ ಇಯರ್ ಶೋ 1949ರಿಂದ ಇದೆ, ಅಲ್ಲಿಗೆ ಅರ್ಹತೆ ಪಡೆಯುವುದು ಇಲ್ಲಿನವರ ದೊಡ್ಡ ಕನಸು, ಆ ರಿಂಗಿನಲ್ಲಿ ವೃತ್ತಿಪರರ ಮುಖ ಜಾಸ್ತಿ ಕಾಣುತ್ತದೆ. ಅದಕ್ಕೇ ಹೋಮ್ ಪ್ರೊಡ್ಯೂಸ್ಡ್ ಅಂತ ಬೇರೆ ತರಗತಿಗಳೇ ಇವೆ, ಮನೆಯಲ್ಲೇ ಸಾಕಿ ತಯಾರು ಮಾಡಿದವರಿಗೆ ಅಂತ. ನಾನು ಅದರಲ್ಲೇ ಇರುತ್ತೇನೆ.

ಇಲ್ಲಿ ಹೆಚ್ಚಿನವರು ಚಿಕ್ಕಂದಿನಲ್ಲಿ ಪೋನಿ ಕ್ಲಬ್ಬಿನಿಂದ ಬಂದವರು. ಅದು ಶುರುವಾದದ್ದು 1929ರಲ್ಲಿ. ಮಳೆಯಲ್ಲಿ ಕೆಸರು ತುಳಿದು, ತಟ್ಟುವಿನ ಗೊರಸು ಕೆರೆದು, ತಾವೇ ಜೀನು ಒರೆಸಿ ಬೆಳೆದ ಮಕ್ಕಳು. ಹಾಗಾಗಿ ಶೋ ದಿನ ಕುದುರೆಯನ್ನು ಬೇರೆಯವರ ಕೈಗೆ ಕೊಡುವುದು ಅವರಿಗೆ ಸಹಜವಾಗಿ ಬರುವುದಿಲ್ಲ.

ಅಂದಹಾಗೆ ನಿಮ್ಮ ನೀಲಿ ರಿಬ್ಬನ್ ಇಲ್ಲಿ ಎರಡನೇ ಬಹುಮಾನ. ನಮ್ಮಲ್ಲಿ ಮೊದಲನೆಯದು ಕೆಂಪು.

---

ಲಾಯದ_ಬೆಳಕು:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ದಯವಿಟ್ಟು ಬೇಸರ ಮಾಡ್ಕೋಬೇಡಿ. ಅಮೆರಿಕದಲ್ಲಿ ಇಪ್ಪತ್ತು ವರ್ಷದಿಂದ ಇದೇ ಹಂಟರ್ ರಿಂಗಿನಲ್ಲಿದ್ದೇನೆ, ಇಬ್ಬರು ಹೆಣ್ಣುಮಕ್ಕಳನ್ನೂ ಇದರಲ್ಲೇ ಬೆಳೆಸಿದ್ದೇನೆ.

ಟ್ರೈನರ್ ಹತ್ತುವುದರ ಹಿಂದೆ ಒಂದು ಕಾರಣ ಇದೆ. ಹಂಟರ್‌ನಲ್ಲಿ ಜಡ್ಜ್ ನೋಡುವುದು ಕುದುರೆಯನ್ನು, ವೇಗವನ್ನಲ್ಲ. ಎಂಟು ಹತ್ತು ಜಂಪ್ ಇರುವ ಸುತ್ತು, ಮೊದಲಿನಿಂದ ಕೊನೆಯವರೆಗೆ ಒಂದೇ ಹದದ ಓಟ, ಪ್ರತಿ ಜಂಪಿಗೂ ಮುಂಗಾಲು ಎರಡೂ ಸಮನಾಗಿ ಮಡಿಚಿರಬೇಕು, ಎರಡು ಜಂಪಿನ ನಡುವೆ ಹೆಜ್ಜೆ ಲೆಕ್ಕ ತಪ್ಪಬಾರದು, ತಿರುವಿನಲ್ಲಿ ಕುದುರೆ ಮುಂದಿಡುವ ಕಾಲು ಬದಲಿಸಿದ್ದು ಗೊತ್ತೇ ಆಗಬಾರದು. ಎಣ್ಣೆ ಸುರಿದ ಹಾಗೆ ಇರಬೇಕು. ನಾವು ಕೆಲಸಕ್ಕೆ ಹೋಗುವವರು ವಾರಕ್ಕೆ ಮೂರು ದಿನ ಸವಾರಿ ಮಾಡಿದರೆ ಹೆಚ್ಚು. ಐನೂರು ಕಿಲೋ ತೂಗುವ ಪ್ರಾಣಿ ನಮ್ಮ ಅರೆಬರೆ ಕೈಕಾಲಿನ ಸೂಚನೆಯಿಂದ ಗೊಂದಲ ಆಗುತ್ತದೆ. ಒಬ್ಬರು ಚೆನ್ನಾಗಿ ಗೊತ್ತಿದ್ದವರು ಕೂತು ಅದರ ಗೊಂದಲ ಬಿಡಿಸಿದರೆ ಕುದುರೆಗೇ ನೆಮ್ಮದಿ. ನಾನು ಬಿದ್ದು ಭುಜ ಮುರಿದುಕೊಂಡ ವರ್ಷ ನನ್ನ ಕುದುರೆಯನ್ನು ಉಳಿಸಿದ್ದು ಹೀಗೆ ದಿನಾ ಬಂದು ಹತ್ತಿದ ಟ್ರೈನರೇ. ಅವರ ಋಣ ನನ್ನ ಮೇಲಿದೆ.

ಇನ್ನೊಂದು ವಿಷಯ. ಇಲ್ಲಿ ಹವ್ಯಾಸಿ ಅನ್ನುವುದು ಮಟ್ಟದ ಮಾತಲ್ಲ, ದುಡ್ಡಿನ ಮಾತು. 18 ದಾಟಿದ ಮೇಲೆ ಹಣ ತೆಗೆದುಕೊಂಡು ಬೇರೆಯವರ ಕುದುರೆಯನ್ನು ಪಳಗಿಸಿದರೆ ನೀವು ವೃತ್ತಿಪರರು, ಇಲ್ಲದಿದ್ದರೆ ಹವ್ಯಾಸಿ, ಎಷ್ಟೇ ಚೆನ್ನಾಗಿ ಓಡಿಸಿದರೂ. ಹಾಗಾಗಿ ಒಂದೇ ಕುದುರೆ ಮೇಲೆ ವಾರದ ಮೊದಲ ಭಾಗದಲ್ಲಿ ವೃತ್ತಿಪರರು, ವಾರದ ಕೊನೆಗೆ ಅದರ ಮಾಲೀಕರು ಸ್ಪರ್ಧಿಸುವುದು ಇಲ್ಲಿ ಮಾಮೂಲಿ. ಇದನ್ನು ಯಾರೂ ಮುಚ್ಚಿಡುವುದಿಲ್ಲ.

ಆದರೆ ನಲವತ್ತು ನಿಮಿಷ ಹಗ್ಗದಲ್ಲಿ ಓಡಿಸಿದ್ದು ನನಗೂ ಸರಿ ಕಾಣಲ್ಲ. ಕುದುರೆ ಶಾಂತವಾಗಿ ಕಾಣಲಿ ಅಂತ ಸುಸ್ತು ಮಾಡಿ ಒಳಗೆ ಕಳಿಸುವುದು ನಮ್ಮ ರಿಂಗಿನ ದೊಡ್ಡ ಕೆಟ್ಟ ಚಾಳಿ. ಪಳಗಿದ ಶಾಂತಿ ಬೇರೆ, ದಣಿದ ಶಾಂತಿ ಬೇರೆ. ಒಂದೇ ಸಮನೆ ಚಿಕ್ಕ ಸುತ್ತಿನಲ್ಲಿ ಓಡಿಸಿದರೆ ಕಾಲಿನ ಕೀಲುಗಳಿಗೆ ಪೆಟ್ಟು. ಇದನ್ನು ನೀವು ಧೈರ್ಯವಾಗಿ ಕೇಳಿ. ಕೇಳುವ ಹಕ್ಕು ನಿಮಗಿದೆ, ಕುದುರೆಯಲ್ಲಿ ನಿಮ್ಮದೂ ಅರ್ಧ ಪಾಲಿದೆ.

ಅಮೆರಿಕ ಅಂದರೆ ಬರೀ ಇದೇ ಅಲ್ಲ, ಅದನ್ನೂ ಹೇಳಬೇಕು. ನನ್ನ ಚಿಕ್ಕ ಮಗಳು ಫೋರ್ ಎಚ್ ಅನ್ನುವ ಮಕ್ಕಳ ಸಂಘದಲ್ಲಿದ್ದಳು. ಅಲ್ಲಿ ನಾಲ್ಕು ಕುದುರೆ ಸಾಲಾಗಿ ನಿಲ್ಲಿಸುತ್ತಾರೆ. ಮಕ್ಕಳು ಅವನ್ನು ನೋಡಿ ಒಂದರಿಂದ ನಾಲ್ಕರವರೆಗೆ ಜೋಡಿಸಬೇಕು. ಆಮೇಲೆ ಒಬ್ಬೊಬ್ಬರೇ ಜಡ್ಜ್ ಎದುರು ನಿಂತು, ಯಾಕೆ ಹಾಗೆ ಜೋಡಿಸಿದೆ ಅಂತ ಬಾಯಿಮಾತಿನಲ್ಲಿ ಹೇಳಬೇಕು. ಹನ್ನೆರಡು ವರ್ಷದ ಹುಡುಗಿ ಹಿಂಗಾಲಿನ ಕೋನದ ಬಗ್ಗೆ ಅಳುಕಿಲ್ಲದೆ ಮಾತಾಡುವುದನ್ನು ಕೇಳಿದರೆ ಮೈ ಜುಮ್ ಅನ್ನುತ್ತೆ. ಅಲ್ಲೇ ಶೋಮನ್‌ಶಿಪ್ ಅಂತ ಇನ್ನೊಂದು ತರಗತಿ. ಕುದುರೆಯ ಅಂದಕ್ಕೆ ಅಲ್ಲಿ ಅಂಕ ಇಲ್ಲ. ಹಿಡಿದವರು ಹೇಗೆ ಹಿಡಿದಿದ್ದಾರೆ, ಜಡ್ಜ್ ಸುತ್ತ ನಡೆಯುವಾಗ ಅವರ ನೋಟಕ್ಕೆ ಅಡ್ಡ ಬರದ ಹಾಗೆ ಹೇಗೆ ಜಾಗ ಬದಲಿಸುತ್ತಾರೆ, ಕುದುರೆ ನಾಲ್ಕೂ ಕಾಲನ್ನು ಚೌಕವಾಗಿ ಊರಿ ನಿಂತಿದೆಯಾ, ಇಷ್ಟೇ. ಜೀನು ಕೂಡ ಬೇಡ.

ಕಾಲೇಜು ಮಕ್ಕಳ ಸ್ಪರ್ಧೆ ಇನ್ನೂ ಚೆನ್ನಾಗಿದೆ. 1967ರಲ್ಲಿ ಶುರುವಾದ ಇಂಟರ್‌ಕಾಲೇಜಿಯೇಟ್ ಹಾರ್ಸ್ ಶೋಸ್ ಅಸೋಸಿಯೇಷನ್. ಅಲ್ಲಿ ಸ್ವಂತ ಕುದುರೆ ತರುವ ಹಾಗೇ ಇಲ್ಲ. ಚೀಟಿ ಎತ್ತಿದರೆ ಬಂದ ಕುದುರೆ ಹತ್ತಬೇಕು, ಮೊದಲೇ ಓಡಿಸಿ ನೋಡುವ ಅವಕಾಶವೂ ಇಲ್ಲ. ಜಡ್ಜ್ ನೋಡುವುದು ಸವಾರರನ್ನು ಮಾತ್ರ. ಅಪ್ಪ ಅಮ್ಮ ಎಷ್ಟು ದುಡ್ಡು ಹಾಕಿದ್ದಾರೆ ಅನ್ನುವ ಮಾತೇ ಅಲ್ಲಿ ಬರಲ್ಲ.

ಹಾಗಾಗಿ ಲಾಯ ಬಿಡುವ ಮೊದಲು ಟ್ರೈನರ್ ಹತ್ತಿರ ಒಮ್ಮೆ ಕೂತು ಮಾತಾಡಿ. ಮುಂದಿನ ಸಲ ಚಿಕ್ಕ ಸ್ಕೂಲಿಂಗ್ ಶೋಗೆ (ಅಭ್ಯಾಸಕ್ಕೆ ಅಂತ ನಡೆಸುವ ಶೋ) ಹೋಗಿ, ಎಲ್ಲ ನಾನೇ ಮಾಡ್ತೀನಿ ಅಂತ ಹೇಳಿ. ಒಳ್ಳೆಯವರಾದರೆ ಖುಷಿಪಡುತ್ತಾರೆ.

---

ಐದು_ನಡೆ:

ಮೀಸೆ ಕೂದಲ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ಕುದುರೆಗೆ ತನ್ನ ಮೂಗಿನ ನೇರ ಮುಂದೆ, ತುಟಿಯ ಕೆಳಗೆ ಏನಿದೆ ಅಂತ ಕಾಣುವುದಿಲ್ಲ. ಆ ಕೂದಲೇ ಅಲ್ಲಿ ಕಣ್ಣು. ಬೋಳಿಸಿದರೆ ಮೂತಿ ನುಣುಪಾಗಿ ಕಾಣುತ್ತೆ ಅಂತ ಹಳೇ ಶೋ ಪದ್ಧತಿ ಅಷ್ಟೇ. ಜರ್ಮನಿ, ಸ್ವಿಟ್ಜರ್‌ಲೆಂಡ್‌ನಲ್ಲಿ ಇದಕ್ಕೆ ನಿಷೇಧ ಇದೆ. ಕುದುರೆ ಕ್ರೀಡೆಗಳ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಇಐ ಕೂಡ 2021ರ ಜುಲೈ 1ರಿಂದ ತನ್ನ ಸ್ಪರ್ಧೆಗಳಲ್ಲಿ ಮೀಸೆ ಬೋಳಿಸಿದ ಕುದುರೆಗೆ ಪ್ರವೇಶ ಇಲ್ಲ ಅಂತ ನಿಯಮ ಮಾಡಿದೆ. ನಿಮ್ಮ ಟ್ರೈನರ್‌ಗೆ ಇದನ್ನೇ ಹೇಳಿ, ನನ್ನ ಕುದುರೆಗೆ ಬೇಡ ಅಂತ. ಇದಕ್ಕಾಗಿ ಜಗಳ ಆಡಬೇಕಿಲ್ಲ.

ನಾನು ಇರುವುದು ಸ್ವೀಡನ್‌ನಲ್ಲಿ. ಇಲ್ಲಿ ಕುದುರೆ ಇಲ್ಲದವರದ್ದೇ ದೊಡ್ಡ ಗುಂಪು. ಸವಾರಿ ಶಾಲೆಗಳನ್ನು ಹೆಚ್ಚಾಗಿ ಕ್ಲಬ್‌ಗಳೇ ನಡೆಸುತ್ತವೆ, ಊರಾಡಳಿತದ ನೆರವೂ ಇರುತ್ತೆ, ಬಹುತೇಕ ಹುಡುಗಿಯರು. ಪಾಠ ಮುಗಿದ ಮೇಲೂ ಮನೆಗೆ ಹೋಗದೆ ಲಾಯದಲ್ಲೇ ಸುತ್ತುತ್ತಾ, ಸಗಣಿ ಬಾಚುತ್ತಾ, ಚಿಕ್ಕವರಿಗೆ ಹೇಳಿಕೊಡುತ್ತಾ ಇರುತ್ತಾರೆ. ಮೊದಲ ಸಲ ಸ್ಪರ್ಧೆಯ ಲೈಸೆನ್ಸ್ ಬೇಕಂದರೆ ಹಸಿರು ಕಾರ್ಡ್ ಅಂತ ಒಂದು ಕೋರ್ಸ್ ಮಾಡಬೇಕು, ನಿಯಮ ಮತ್ತು ಕುದುರೆಯ ಕ್ಷೇಮದ ಬಗ್ಗೆ. ಫ್ರಾನ್ಸ್‌ನಲ್ಲೂ ಹತ್ತಿರ ಹತ್ತಿರ ಹೀಗೇ, ಒಂದರಿಂದ ಏಳರವರೆಗೆ ಗ್ಯಾಲೋ ಅನ್ನುವ ಮೆಟ್ಟಿಲು, ಪ್ರತಿ ಮೆಟ್ಟಿಲಲ್ಲೂ ಆರೈಕೆಯ ಪರೀಕ್ಷೆ. ಜುಲೈನಲ್ಲಿ ಲಾಮೋತ್ ಬ್ಯೂವ್ರೋನ್‌ನಲ್ಲಿ ದೇಶದ ಎಲ್ಲ ಕ್ಲಬ್‌ಗಳ ಮಕ್ಕಳು ಸೇರುತ್ತಾರೆ, ಎಷ್ಟೋ ಮಕ್ಕಳು ಬರುವುದು ಕ್ಲಬ್ಬಿನ ತಟ್ಟುವಿನ ಮೇಲೆ.

ನನ್ನ ಮನಸ್ಸು ಇರುವುದು ಮಾತ್ರ ಐಸ್‌ಲ್ಯಾಂಡ್ ಕುದುರೆಯಲ್ಲಿ. ಎರಡು ಬೇಸಿಗೆ ಅಲ್ಲಿ ಕೆಲಸ ಮಾಡಿದೆ. ನಡಿಗೆ, ಟ್ರಾಟ್, ಕ್ಯಾಂಟರ್ ಅಲ್ಲದೆ ಇನ್ನೆರಡು ನಡೆ ಇದೆ ಅವಕ್ಕೆ, ಟೋಲ್ಟ್ ಮತ್ತು ಪೇಸ್. ಟೋಲ್ಟ್‌ನಲ್ಲಿ ಯಾವಾಗಲೂ ಒಂದು ಕಾಲಾದರೂ ನೆಲದ ಮೇಲೆ ಇರುತ್ತೆ, ಹಾಗಾಗಿ ಮೇಲೆ ಕೂತವರು ಅಲುಗಾಡುವುದೇ ಇಲ್ಲ. ಗೊರಸಿನ ಸದ್ದು ಒಂದೇ ಸಮನೆ ನಾಲ್ಕು ತಾಳ, ಟಕಟಕಟಕಟಕ, ಕಿವಿ ಕೊಟ್ಟರೆ ಸಾಕು ಲಯ ತಪ್ಪಿದ್ದು ಗೊತ್ತಾಗುತ್ತೆ. ಅಲ್ಲಿನವರು ನನಗೆ ಕಲಿಸಿದ್ದು ಹಾಗೇ, ಕಣ್ಣಿಂದ ಅಲ್ಲ, ಕಿವಿಯಿಂದ.

ಅಲ್ಲಿ ಸ್ಪರ್ಧೆಯಲ್ಲೇ ಎರಡು ದಾರಿ ಇದೆ. ಒಂದರಲ್ಲಿ ಕುದುರೆಯ ಗುಣ ಅಳೆಯುತ್ತಾರೆ, ಅದರ ಹುಮ್ಮಸ್ಸು, ಮನಸ್ಸು, ನಡೆಯ ಚಂದ. ಇನ್ನೊಂದು ಕ್ರೀಡೆ, ಅದರಲ್ಲಿ ಸವಾರರ ಕೌಶಲಕ್ಕೂ ಬೆಲೆ. ನಿಮ್ಮ ಗೊಂದಲ ಇರುವುದು ಇಲ್ಲೇ ಅಂತ ನನಗೆ ಅನ್ನಿಸುತ್ತೆ. ಹಂಟರ್‌ನಲ್ಲಿ ಅಳೆಯುತ್ತಿರುವುದು ಕುದುರೆಯನ್ನು, ನಿಮಗೆ ಬೇಕಿರುವುದು ನಿಮ್ಮ ಕೆಲಸವನ್ನು ಅಳೆಯುವವರು. ಇಕ್ವಿಟೇಷನ್ (ಸವಾರರ ಕೂರುವ ರೀತಿ, ಹತೋಟಿ ನೋಡುವ ತರಗತಿ) ಅಥವಾ ಡ್ರೆಸ್ಸಾಜ್ ತರಗತಿ ನೋಡಿದ್ದೀರಾ?

ಐಸ್‌ಲ್ಯಾಂಡ್‌ನಿಂದ ಒಮ್ಮೆ ಹೊರಗೆ ಹೋದ ಕುದುರೆ ಮತ್ತೆ ವಾಪಸ್ ಬರುವಂತಿಲ್ಲ, ರೋಗ ಬರಬಾರದು ಅಂತ. ವಿಶ್ವ ಸ್ಪರ್ಧೆಗೆ ತಮ್ಮ ಅತ್ಯುತ್ತಮ ಕುದುರೆ ಒಯ್ದವರು ಅಲ್ಲೇ ಬಿಟ್ಟು ಬರುತ್ತಾರೆ. ಹಾಗೆ ಬಿಟ್ಟು ಬಂದವರೊಬ್ಬರ ಜೊತೆ ಕೆಲಸ ಮಾಡಿದ್ದೇನೆ. ಆ ಕುದುರೆಯ ಖಾಲಿ ಜಾಗಕ್ಕೆ ವರ್ಷ ಕಳೆದರೂ ಬೇರೆ ಕುದುರೆ ಕಟ್ಟಿರಲಿಲ್ಲ.

---

ಹಳೇ_ರಿಕಾಬು:

ಹವ್ಯಾಸಿ ಅನ್ನುವ ಪದದ ಬಗ್ಗೆ ಒಂದು ಮಾತು. ಲಾಯದ_ಬೆಳಕು ಅವರು ದುಡ್ಡಿನ ಮಾತು ಅಂದರಲ್ಲ, ಮೊದಲು ಅದು ಪದವಿಯ ಮಾತೂ ಆಗಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಡ್ರೆಸ್ಸಾಜ್ ತಂಡದ ಚಿನ್ನ ಗೆದ್ದದ್ದು ಸ್ವೀಡನ್. ಮರುವರ್ಷ ಅದನ್ನು ಕಿತ್ತುಕೊಂಡರು. ಕಾರಣ, ತಂಡದಲ್ಲಿದ್ದ ಗೇನಲ್ ಪೆರ್ಸನ್ ಅಧಿಕಾರಿ ಅಲ್ಲ, ಸಾರ್ಜೆಂಟ್. ಸೇನೆಯಲ್ಲಿ ಅಧಿಕಾರಿಯಾದರೆ ಹವ್ಯಾಸಿ, ಅದಕ್ಕಿಂತ ಕೆಳಗಿನವನಾದರೆ ವೃತ್ತಿಯವನು ಅಂತ ಆಗಿನ ನಿಯಮ. ಅವನು ಕುದುರೆ ಓಡಿಸಿದ್ದರಲ್ಲಿ ಒಂದು ತಪ್ಪೂ ಇರಲಿಲ್ಲ.

1952ರ ಹೆಲ್ಸಿಂಕಿಗೆ ನಿಯಮ ಬದಲಾಯಿತು. ಡ್ರೆಸ್ಸಾಜ್‌ನಲ್ಲಿ ಹೆಂಗಸರಿಗೂ ಅವಕಾಶ ಸಿಕ್ಕಿತು. ಪೆರ್ಸನ್ ಮತ್ತೆ ಬಂದು ತಂಡದ ಚಿನ್ನ ಗೆದ್ದರು. ಡೆನ್ಮಾರ್ಕಿನ ಲಿಸ್ ಹಾರ್ಟೆಲ್, ಪೋಲಿಯೋದಿಂದ ಮೊಣಕಾಲಿನ ಕೆಳಗೆ ಶಕ್ತಿ ಇಲ್ಲದವರು, ಕುದುರೆ ಹತ್ತಲು ಇಳಿಯಲು ಬೇರೆಯವರ ಸಹಾಯ ಬೇಕಿತ್ತು, ಅವರು ಬೆಳ್ಳಿ ಗೆದ್ದರು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಸಹಾಯ ತೆಗೆದುಕೊಂಡರೆ ಸವಾರಿ ನಮ್ಮದಲ್ಲ ಅಂತ ಆಗುವುದಿಲ್ಲ ತಂಗಿ. ನಿಮಗೆ ಬೇಸರ ಆಗಿರುವುದು ಸಹಾಯಕ್ಕಲ್ಲ, ನಿಮ್ಮನ್ನು ಕೇಳದೆ ಎಲ್ಲ ಮುಗಿಸಿಬಿಟ್ಟರಲ್ಲ, ಅದಕ್ಕೆ.

ಆಸ್ಟ್ರೇಲಿಯಾದಲ್ಲಿ ಮೆಲ್ಬರ್ನ್ ಶೋನ ಗ್ಯಾರಿಓವನ್ ಸ್ಪರ್ಧೆ ನೋಡಿದ್ದೇನೆ, ಅಲ್ಲಿ ಜೀನು ಲಗಾಮಿಗೆ ಬೇರೆ ಅಂಕ, ಸವಾರಳ ಉಡುಪಿಗೆ ಬೇರೆ, ಸವಾರಿಗೆ ಬೇರೆ. 1934ರಲ್ಲಿ ಉರಿಯುವ ಲಾಯಕ್ಕೆ ತನ್ನ ಕುದುರೆ ಗ್ಯಾರಿಓವನ್‌ನನ್ನು ಬಿಡಿಸಲು ನುಗ್ಗಿ ಪ್ರಾಣ ಬಿಟ್ಟ ವಯಲೆಟ್ ಮರೆಲ್ ನೆನಪಿಗೆ ಅದು ಶುರುವಾದದ್ದು. ನೋಡುವವರಿಗೆ ಹೊರಗಿನ ಹೊಳಪು ಮಾತ್ರ ಕಾಣುತ್ತೆ. ಆ ಜೀನು ಲಗಾಮಿನ ತೊಗಲನ್ನು ಸವಾರರು ತಿಂಗಳುಗಟ್ಟಲೆ ಒರೆಸಿರುತ್ತಾರೆ.

---

ಕಡಿವಾಣ_ಸಡಿಲ:

ಎಲ್ಲರ ಉತ್ತರವನ್ನೂ ಎರಡೆರಡು ಸಲ ಓದಿದೆ. ತುಂಬಾ ಧನ್ಯವಾದ. ಹಳೇ_ರಿಕಾಬು ಅಣ್ಣ, ನೀವು ಹೇಳಿದ ಕೊನೆಯ ಮಾತು ಸರಿಯಾಗಿ ತಾಗಿತು, ಕೇಳದೆ ಮುಗಿಸಿಬಿಟ್ಟರಲ್ಲ ಅಂತ. ಅದೇ.

ಟ್ರೈನರ್ ಹತ್ತಿರ ಮಾತಾಡಿದೆ. ಅವರಿಗೆ ಆಶ್ಚರ್ಯ ಆಯಿತು. ಇಷ್ಟು ವರ್ಷದಲ್ಲಿ ಬೆಳಿಗ್ಗೆ ನಾಲ್ಕಕ್ಕೆ ಬರ್ತೀನಿ ಅಂದ ಹವ್ಯಾಸಿ ಕಡಿಮೆ, ಹೆಚ್ಚಿನವರು ಕೆಲಸ ಮುಗಿಸಿ ಓಡಿ ಬರುವವರು, ಅವರಿಗೆ ಸುಲಭ ಆಗಲಿ ಅಂತ ಮಾಡುತ್ತಿದ್ದೆ ಅಂದರು. ಮೀಸೆ ಕೂದಲು ಇನ್ನು ಬೋಳಿಸಲ್ಲ ಅಂತ ಒಪ್ಪಿದರು. ಹಗ್ಗದ ಓಟ ಹತ್ತು ನಿಮಿಷ, ಅದೂ ನಾನೇ ಹಿಡಿಯುತ್ತೇನೆ. ಶೋಗೆ ಎರಡು ದಿನ ಮೊದಲು ಅವರು ಒಮ್ಮೆ ಹತ್ತುತ್ತಾರೆ, ಲಾಯದ_ಬೆಳಕು ಅವರು ಹೇಳಿದ್ದು ನೆನಪಿಟ್ಟುಕೊಂಡು ಅದಕ್ಕೆ ಒಪ್ಪಿದೆ.

ಹೋದ ಭಾನುವಾರ ಚಿಕ್ಕ ಸ್ಕೂಲಿಂಗ್ ಶೋಗೆ ಹೋಗಿದ್ದೆವು. ಜೂಲು ಹೆಣೆಯಲು ನನಗೆ ಎರಡೂವರೆ ಗಂಟೆ ಹಿಡಿಯಿತು, ಕೊನೆಯ ಆರು ಜಡೆ ಸಡಿಲವಾಗಿ ಬಂತು, ನೂಲು ಬೆರಳಿಗೆ ಕುಯ್ದಿತ್ತು. ಕುದುರೆ ಅಷ್ಟು ಹೊತ್ತೂ ಹುಲ್ಲು ಮೆಲ್ಲುತ್ತಾ, ಆಗಾಗ ತಲೆ ತಿರುಗಿಸಿ ನನ್ನ ತೋಳನ್ನು ಮೂಸುತ್ತಾ ನಿಂತಿತ್ತು. ಮೂತಿ ಮೇಲೆ ಗಿಡ್ಡ ಗಿಡ್ಡ ಕೂದಲು ಮತ್ತೆ ಮೊಳೆಯುತ್ತಿದೆ, ಚುಚ್ಚುತ್ತೆ. ಸುತ್ತಿನಲ್ಲಿ ಒಂದು ತಿರುವಿನಲ್ಲಿ ಕಾಲು ಬದಲಿಸುವುದು ತಡವಾಯಿತು, ಐದನೇ ಸ್ಥಾನ. ಇಳಿದು ಜೀನು ಬಿಚ್ಚಿ ನೀರಿನ ಬಕೆಟ್ ಇಟ್ಟೆ, ಪೂರ್ತಿ ಕುಡಿಯಿತು.

ಐದು_ನಡೆ, ಮುಂದಿನ ತಿಂಗಳು ಇಕ್ವಿಟೇಷನ್ ತರಗತಿಗೂ ಹೆಸರು ಕೊಟ್ಟಿದ್ದೇನೆ. ಹೇಗಾಯ್ತು ಅಂತ ಇಲ್ಲೇ ಬಂದು ಬರೆಯುತ್ತೇನೆ. ತಟ್ಟು_ಪ್ರೇಮಿ, ನಿಮ್ಮ ಕಾಬ್‌ಗೆ ನನ್ನ ಪರವಾಗಿ ಕುತ್ತಿಗೆ ತಟ್ಟಿ.